ಸಪ್ಪಳ ನಿಂತ ಕಾರು

ಎರಡು ನಿಮಿಷ ಬಿಡುವಿದ್ದರೆ ಓದಿ... ಗಾಡಿ ಓಡಿಸುತ್ತಿದ್ದರೆ ಮಾತ್ರ ಈಗ ಬೇಡ, ಮನೆ ಮುಟ್ಟಿದ ಮೇಲೆ ಓದಿ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗುರುಬಸಪ್ಪ ಮಾಸ್ತರು ಅಂತ ಇದ್ದಾರೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ರಿಟೈರ್ ಆದವರು.

ಅವರಿಗೆ ಕಾರಿನ ಹುಚ್ಚು. ಗ್ಯಾರೇಜಿನ ಮೆಟ್ಟಿಲು ಹತ್ತದೆ, ತಮ್ಮ ಹಳೇ ಕಾರನ್ನು ಮನೆ ಮುಂದೆಯೇ ಬಿಚ್ಚಿ ಜೋಡಿಸಿ ರಿಪೇರಿ ಕಲಿತರು.

ಭಾನುವಾರ ಬಂತೆಂದರೆ ಓಣಿಯ ಕಾರುಗಳೆಲ್ಲ ಅವರ ಗೇಟಿನ ಮುಂದೆ ಪಾಳಿ ಹಚ್ಚುತ್ತಿದ್ದವು.

ಮಾಸ್ತರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಊರಿ, ಮರದ ಹಿಡಿಕೆಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು... ಆಗ ಯಾರೂ ಮಾತಾಡುವಂತಿಲ್ಲ.

ಬೇರಿಂಗ್ ಹೋಗಿದೆಯೋ, ಬೆಲ್ಟ್ ಸಡಿಲಾಗಿದೆಯೋ, ಅಲ್ಲೇ ಹೇಳಿಬಿಡುತ್ತಿದ್ದರು. ಕೂಲಿಯ ಮಾತೇ ಇಲ್ಲ. ಬಂದವರಿಗೆ ಹೆಂಡತಿ ನೀಲವ್ವನ ಚಹಾ ಬೇರೆ.

ಒಂದೇ ಕಟ್ಟುನಿಟ್ಟು... ಕಿವಿಗೆ ಸಪ್ಪಳ ಬೀಳದಿದ್ದರೆ ಗಾಡಿಗೆ ಕೈ ಹಚ್ಚುತ್ತಿರಲಿಲ್ಲ. ಸುಮ್ಮನೆ ಬಿಚ್ಚಿದರೆ ಚೆನ್ನಾಗಿದ್ದದ್ದೂ ಕೆಡುತ್ತದೆ ಎನ್ನುತ್ತಿದ್ದರು.

ಆದರೆ ಇತ್ತೀಚೆಗೆ ನೀಲವ್ವನಿಗೆ ಒಂದು ಕೊರಗು ಹತ್ತಿತ್ತು. ಅಡುಗೆಮನೆಯಿಂದ ಕರೆದರೆ ಗಂಡ ತಿರುಗಿ ನೋಡುವುದಿಲ್ಲ... ಕುಕ್ಕರ್ ಕೂಗಿ ಕೂಗಿ ಅನ್ನ ಸೀದರೂ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿರುತ್ತಾರೆ.

ಊರ ಮಂದಿಯ ಗಾಡಿಯ ಮೇಲಿರುವ ಲಕ್ಷ್ಯ ಹೆಂಡತಿಯ ಮೇಲಿಲ್ಲ ಎಂದುಕೊಂಡರು. ಸಿಟ್ಟಿಗೆ ತಾವೂ ಮಾತು ಕಡಿಮೆ ಮಾಡಿದರು.

ಹೋದ ತಿಂಗಳು ಮಗಳು ಸುಮಂಗಲಾ ಅಂಕೋಲಾದಿಂದ ತಾನೇ ಕಾರು ಓಡಿಸಿಕೊಂಡು, ಪುಟ್ಟ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಭಾನುವಾರ ಊಟ ಮಾಡಿ ಹೊರಡುವವಳು.

ಹೋಗುವ ದಾರಿಯಲ್ಲಿ ಘಟ್ಟ ಇಳಿಯಬೇಕು. ಅದಕ್ಕೇ ಬೆಳಿಗ್ಗೆ ಅಪ್ಪನಿಗೆ ಹೇಳಿದಳು, ಬ್ರೇಕ್ ಹಾಕಿದರೆ ಮುಂದಿನ ಗಾಲಿಯಲ್ಲಿ ಏನೋ ಸಪ್ಪಳ ಬರುತ್ತಿದೆ ಅಂತ.

ಮಾಸ್ತರು ಕಾರು ತಗೊಂಡು ಒಂದು ರೌಂಡ್ ಹಾಕಿ ಬಂದರು. ಗೇಟಿನ ಮುಂದೆ ಬ್ರೇಕ್ ಒತ್ತಿ ಇಳಿದರು.

"ಏನೂ ಇಲ್ಲವ್ವಾ. ಧೂಳು ಕೂತಿತ್ತು, ಹೋಗೇತಿ. ಸಪ್ಪಳ ನಿಂತೈತಿ, ಆರಾಮ ಹೋಗು."

ಗೇಟಿನಲ್ಲಿ ನಿಂತಿದ್ದ ನೀಲವ್ವ ಗಾಲಿಯ ಕಡೆ ನೋಡಿದರು, ಗಂಡನ ಕಡೆ ನೋಡಿದರು. ಆ ಗಾಲಿ ಈಗಷ್ಟೇ ಎಷ್ಟು ಜೋರಾಗಿ ಕಿರುಚಿತ್ತೆಂದರೆ, ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತ್ತು.

ಗಂಡನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಿರಲಿಲ್ಲ.

ಕುಕ್ಕರಿನ ಸೀಟಿ... ಕರೆದರೂ ತಿರುಗದ ಕತ್ತು... ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅವರಿಗೆ ಲಕ್ಷ್ಯ ಇರಲಿಲ್ಲ ಅಂತಲ್ಲ, ಕೇಳಿಸುತ್ತಲೇ ಇರಲಿಲ್ಲ.

ಸುತ್ತ ಓಣಿಯ ಮಂದಿ ನಿಂತಿದ್ದರು. ಎಲ್ಲರ ಕಿವಿಗೂ ಆ ಸಪ್ಪಳ ಬಿದ್ದಿತ್ತು, ಆದರೆ ಮಾಸ್ತರಿಗೆ ಹೇಳುವವರು ಯಾರು?

ಹೇಳಿದರೆ ಗಂಡನ ಮರ್ಯಾದೆ ನಾಲ್ಕು ಜನರ ಮುಂದೆ ಹೋಗುತ್ತದೆ. ಸುಮ್ಮನಿದ್ದರೆ ಮಗಳು, ಮೊಮ್ಮಗಳು ಅದೇ ಕಾರಿನಲ್ಲಿ ಘಟ್ಟ ಇಳಿಯುತ್ತಾರೆ.

ನೀಲವ್ವ ಮೊಮ್ಮಗಳನ್ನು ಎತ್ತಿಕೊಂಡು ಗಂಡನ ಎದುರಿಗೆ ಹೋಗಿ ನಿಂತರು. ಗಾಲಿ ಬಿಚ್ಚಿ ನೋಡಿ ಎಂದರು. ಸಪ್ಪಳವೇ ಇಲ್ಲದ ಮೇಲೆ ಯಾಕೆ ಬಿಚ್ಚಲಿ ಎಂದು ಮಾಸ್ತರು ರೇಗಿದರು.

"ಸಪ್ಪಳ ಐತ್ರಿ... ನಿಮಗ ಕೇಳಸವಲ್ದು."

ಮಾಸ್ತರ ಮುಖ ಕೆಂಪಾಯಿತು. ಕಾರು ಮುಂದೆ ತಗೊಂಡು ಹೋಗಿ ಬ್ರೇಕ್ ಹಾಕು ಎಂದು ಮಗಳಿಗೆ ಗದರಿಸಿ ಹೇಳಿದರು.

ಸುಮಂಗಲಾ ಬ್ರೇಕ್ ಒತ್ತಿದಳು. ಮಾಸ್ತರ ಕಿವಿಗೆ ಎಂಜಿನ್ನಿನ ಗುರುಗುರು ಬಿಟ್ಟು ಬೇರೇನೂ ಕೇಳಲಿಲ್ಲ.

ಗೆದ್ದವರ ಹಾಗೆ ಹೆಂಡತಿಯ ಕಡೆ ತಿರುಗಿದರು... ಅವರ ಕಂಕುಳಲ್ಲಿದ್ದ ಮೊಮ್ಮಗಳು ಮುಖ ಕಿವುಚಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.

ಮಾಸ್ತರು ಆ ಪುಟ್ಟ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟರು.

ಆಮೇಲೆ ಒಳಗೆ ಹೋಗಿ ಜಾಕ್ ತಂದರು. ಗಾಲಿ ಬಿಚ್ಚಿ, ಬ್ರೇಕ್ ಪ್ಯಾಡ್ ಹೊರಗೆ ತೆಗೆದರು. ಪ್ಯಾಡ್ ಪೂರ್ತಿ ಸವೆದು, ಹಿಂದಿನ ಕಬ್ಬಿಣದ ತಗಡು ಕಾಣುತ್ತಿತ್ತು.

"ಇದನ್ನ ನಂಬಿ ನನ್ನ ಮಗಳು ಘಟ್ಟ ಇಳೀತಿದ್ಲಲ್ಲ..." ಎಂದು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತರು.

ನೀಲವ್ವ ಎಲ್ಲರ ಎದುರಿಗೇ ಸೆರಗಿನಿಂದ ಅವರ ಕಣ್ಣೊರೆಸಿದರು. ಇಷ್ಟು ದಿನ ನಿಮ್ಮನ್ನ ತಪ್ಪು ತಿಳಿದಿದ್ದೆ ಎಂದು ಹೇಳಿ ತಾವೂ ಅತ್ತರು. ನೋಡುತ್ತಾ ನಿಂತ ನಮ್ಮ ಕಣ್ಣುಗಳೂ ಒದ್ದೆಯಾದವು.

ಮಗಳು ಆ ದಿನ ಹೊರಡಲಿಲ್ಲ. ಮರುದಿನ ಹೊಸ ಪ್ಯಾಡ್ ಹಾಕಿಸಿಕೊಂಡು ಹೋಗಿ, ಸುಖವಾಗಿ ಮುಟ್ಟಿದೆವು ಎಂದು ಫೋನ್ ಮಾಡಿದಳು.

ಮಾಸ್ತರು ತಾವು ಇತ್ತೀಚೆಗೆ ನೋಡಿ ಕಳಿಸಿದ ಕಾರುಗಳ ಮಾಲೀಕರ ಮನೆಗೆಲ್ಲ ಹೋದರು. ನನ್ನ ಕಿವಿ ಕೈ ಕೊಟ್ಟಿದೆ, ಗಾಡಿಯನ್ನ ಇನ್ನೊಮ್ಮೆ ಗ್ಯಾರೇಜಿನಲ್ಲಿ ತೋರಿಸಿ ಎಂದು ಕೈ ಮುಗಿದರು.

ಕಿವಿ ತೋರಿಸಿದಾಗ ಡಾಕ್ಟರು, ವಯಸ್ಸಾದಂತೆ ಮೊದಲು ಹೋಗುವುದು ಸೀಟಿ, ಕಿರುಚಿನಂಥ ಸಣ್ಣ ದನಿಯೇ, ಎಂಜಿನ್ನಿನಂಥ ದಪ್ಪ ದನಿ ಉಳಿದಿರುತ್ತದೆ, ಹಾಗಾಗಿ ತಮಗೇ ಗೊತ್ತಾಗುವುದಿಲ್ಲ ಎಂದರಂತೆ. ಕಿವಿಗೆ ಮಷಿನ್ ಬಂತು. ಮಾತು ಕೇಳುತ್ತಿತ್ತು, ಸ್ಕ್ರೂಡ್ರೈವರಿನ ಹಿಡಿಕೆ ತಾಗಿದರೆ ಮಾತ್ರ ಬರೀ ಕರಕರ.

ಸ್ಕ್ರೂಡ್ರೈವರ್ ಅರಿವೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿತು. ಇನ್ನು ಮುಗಿಯಿತು ಎಂದು ಮಾಸ್ತರು ಹಾಸಿಗೆ ಹಿಡಿದವರ ಹಾಗಾದರು.

ಮುಂದಿನ ಭಾನುವಾರ ನೀಲವ್ವ ತಾವೇ ಅಟ್ಟ ಹತ್ತಿ ಅದನ್ನು ಇಳಿಸಿದರು. ನನ್ನ ಕಾರಿನ ಬಾನೆಟ್ ಎತ್ತಿಸಿ, ಎಂಜಿನ್ ಮೇಲೆ ತುದಿ ಊರಿ, ಹಿಡಿಕೆಯನ್ನು ತಮ್ಮ ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು.

ನಾವೆಲ್ಲ ಗಪ್‌ಚುಪ್.

ಏನು ಕೇಳುತ್ತದೆ ಎಂದು ಮಾಸ್ತರು ಮೆಲ್ಲಗೆ ವಿಚಾರಿಸಿದರು.

"ಹೊಲಿಗಿ ಮಷಿನ್ ಓಡಿದಂಗ ಆಗಾಕತ್ತೈತ್ರಿ."

"ಎಂಜಿನ್ ಒಳಗಿನ ಟ್ಯಾಪೆಟ್ ಸಡಿಲಾಗೈತಿ," ಎಂದರು ಮಾಸ್ತರು. ಎದ್ದು ಬಂದು ಸ್ಪ್ಯಾನರ್ ಕೈಗೆ ತಗೊಂಡರು.

ಈಗ ಪ್ರತಿ ಭಾನುವಾರ ಕಿವಿ ನೀಲವ್ವನದು, ಕೈ ಮಾಸ್ತರದು.

*ನಮ್ಮವರಿಗೆ ಕೇಳಿಸದ್ದನ್ನು ಹೇಳಲು ಧೈರ್ಯ ಬೇಕು... ಹೇಳಿದ ಮೇಲೆ ಅವರ ಜೊತೆ ನಿಲ್ಲಲು ಪ್ರೀತಿ ಬೇಕು.*

ನಿಮ್ಮ ಮನೆಯಲ್ಲಿ ಕರೆದರೂ ತಿರುಗದವರ ಮೇಲೆ ನೀವು ಸಿಟ್ಟಾಗಿದ್ದೀರಾ... ಅಥವಾ ಹತ್ತಿರ ಹೋಗಿ ನೋಡಿದ್ದೀರಾ?