ಕೊರಳಲ್ಲೇ ಉಳಿದ ವಿಸಲ್

"ಏಳು, ಏಳು. ಸುಮ್ನೆ ನಾಟಕ ಬೇಡ," ಎಂದು ಫುಟ್‌ಬಾಲ್ ಕೋಚ್ ಮೈದಾನದ ನಡುವಿನಿಂದಲೇ ಕೂಗಿದ. ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗಿ ಮಂಡಿ ತಿರುಚಿಕೊಂಡು ಬಿದ್ದಿದ್ದಳು. ಬೇರೆ ಯಾವ ಮಗು ಬಿದ್ದಿದ್ದರೂ ಅವನು ಓಡಿಹೋಗಿ ಕಾಲು ನೀವುತ್ತಿದ್ದ. ಇವಳು ಅವನದೇ ಮಗಳು.

"ಸರಿ ಸರ್," ಎಂದು ಅವಳು ಎದ್ದಳು. ಮೈದಾನದಲ್ಲಿ ಅಪ್ಪ ಎನ್ನುವಂತಿರಲಿಲ್ಲ. ತಂಡ ಕಟ್ಟಿದ ದಿನವೇ ಇಬ್ಬರೂ ಕೈ ಮೇಲೆ ಕೈ ಹಾಕಿ ಮಾಡಿಕೊಂಡ ಒಪ್ಪಂದ ಅದು: ವಿಸಲ್ ಕೊರಳಲ್ಲಿ ಇರುವಷ್ಟು ಹೊತ್ತು ಸರ್, ತೆಗೆದು ಜೇಬಿಗೆ ಹಾಕಿದರೆ ಅಪ್ಪ. ದಿನವೂ ಗೇಟು ದಾಟಿ ಅವನು ವಿಸಲ್ ತೆಗೆಯುವುದೇ ತಡ, ಮನೆ ಮುಟ್ಟುವವರೆಗೆ ಅವಳ ಮಾತಿಗೆ ಬಿಡುವಿರುತ್ತಿರಲಿಲ್ಲ.

ಬೆಂಚಿನ ಮೇಲೆ ಕೂರುವ ತಾಯಂದಿರಲ್ಲಿ ಒಬ್ಬಾಕೆ ಹೋದ ವಾರ, ಅವನಿಗೆ ಕೇಳಿಸಲೆಂದೇ, "ಪಂದ್ಯ ಅಂದ್ರೆ ಸಾಹೇಬರ ಮಗಳೇ ಮೊದಲು. ನಮ್ಮ ಮಕ್ಕಳು ಬೆಂಚು ಕಾಯೋಕೇ ಹುಟ್ಟಿರೋದು," ಅಂದಿದ್ದಳು. ಬೆಳಗಿನಿಂದ ಮುದ್ರಣಾಲಯದ ಯಂತ್ರದ ಮುಂದೆ ನಿಂತು, ಉಗುರಿನ ಸಂದಿಯ ಮಸಿಯನ್ನೂ ಸರಿಯಾಗಿ ತೊಳೆಯದೆ ಇಲ್ಲಿಗೆ ಓಡಿ ಬರುವವನಿಗೆ ಆ ಮಾತು ಚುಚ್ಚಿ ಅಲ್ಲೇ ಉಳಿದಿತ್ತು.

"ಏಳೋಕೆ ತಡ ಮಾಡಿದ್ದಕ್ಕೆ ಮೈದಾನಕ್ಕೆ ಒಂದು ಸುತ್ತು ಓಡು," ಎಂದ, ಬೆಂಚಿನವರೆಗೂ ಕೇಳುವ ಹಾಗೆ.

ಹುಡುಗಿ ಕಾಲೆಳೆಯುತ್ತ ಓಡತೊಡಗಿದಳು. ಗೋಲು ಕಾಯುತ್ತಿದ್ದ ಇನ್ನೊಬ್ಬಳು, ಬೆಂಚಿನ ಆ ತಾಯಿಯ ಮಗಳೇ, ಕೈಗವಸು ಕಳಚಿ ಎಸೆದು ಅವಳ ಜೊತೆಗೂಡಿದಳು.

"ನಿನಗ್ಯಾರು ಹೇಳಿದ್ರು ಓಡೋಕೆ?"

"ನಿಂತೂ ನಿಂತೂ ಕಾಲು ಜೋಮು ಹಿಡೀತು ಸರ್!" ಎಂದು ಓಡುತ್ತಲೇ ಉತ್ತರಿಸಿದಳು. ತಂಡದಲ್ಲೇ ಚುರುಕಿನ ಹುಡುಗಿ, ಕುಂಟುವವಳನ್ನು ಹಿಂದೆ ಹಾಕದೆ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಸುತ್ತು ಮುಗಿಸಿದಳು.

ಆಟ ಮುಗಿದಾಗ ಆ ತಾಯಿ ನೀರಿನ ಬಾಟಲಿ ಹಿಡಿದು ಹತ್ತಿರ ಬಂದಳು. "ಸರ್, ಮಗು ಕುಂಟ್ತಾ ಇದೆ. ಒಂಚೂರು ನೋಡಿ."

"ಭಾನುವಾರದ ಪಂದ್ಯದಲ್ಲಿ ನಿಮ್ಮ ಮಗಳನ್ನೇ ಆಡಿಸ್ತೀನಿ, ಆಯ್ತಾ?"

"ಅಯ್ಯೋ, ನಾನು ಅದಕ್ಕೆ ಹೇಳಿದ್ದಲ್ಲ..." ಎಂದು ಆಕೆ ತಡವರಿಸಿದಳು. ಅಷ್ಟರಲ್ಲಿ ಬಸ್ಸು ಬಂತು. ಗೇಟಿನ ಆಚೆ ಮಗಳು ದಿನದಂತೆ ನಿಂತು ಅವನ ಮುಖ ನೋಡಿದಳು. "ನಡಿ ನಡಿ, ಬಸ್ಸು ಹೋಗುತ್ತೆ," ಎಂದು ಅವಳನ್ನು ಮುಂದೆ ತಳ್ಳಿ ಅವನೂ ಹತ್ತಿಕೊಂಡ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಳು.

"ಕೋಪಾನಾ?"

"ಇಲ್ಲ ಸರ್."

"ಓಹೋ, ಇನ್ನೂ ಸರ್ರಾ! ಆಗಲಿ ಮಹಾರಾಣಿ." ಅವನು ಕಣ್ಣು ಮುಚ್ಚಿದ. ಮಗಳ ಮುನಿಸು ತಣಿಸಲೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ. ಅವನು ಬೂಟನ್ನೂ ಬಿಚ್ಚದೆ ಕುರ್ಚಿಗೆ ಒರಗಿದವನು ಹಾಗೇ ನಿದ್ದೆಹೋದ. ಕಿವಿಯ ಬಳಿ ಏನೋ ತಣ್ಣಗೆ ಸವರಿದಂತಾಗಿ ಎಚ್ಚರವಾಯಿತು. ಮಗಳು ಒಂಟಿಕಾಲಲ್ಲಿ ನಿಂತು, ಅವನ ತಲೆಯ ಮೇಲಿಂದ ವಿಸಲ್‌ನ ದಾರವನ್ನು ಮೆಲ್ಲಗೆ ತೆಗೆಯುತ್ತಿದ್ದಳು. ತೆಗೆದು, ಗೋಡೆ ಹಿಡಿದು ಹೋಗಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಅಪ್ಪಾ, ಕಾಲು ತುಂಬಾ ನೋಯ್ತಿದೆ."

ಅವನು ನೆಲಕ್ಕೇ ಕುಸಿದು ಕೂತು ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಉದ್ದನೆಯ ಕಾಲುಚೀಲ ಸರಿಸಿದರೆ ಮಂಡಿ ನೀಲಿಗಟ್ಟಿ ಊದಿಕೊಂಡಿತ್ತು.

"ಇಷ್ಟು ಊದಿದೆಯಲ್ಲೇ ಕಂದಾ! ಮೈದಾನದಲ್ಲಿ ಹೋಗ್ಲಿ, ಬಸ್ಸಲ್ಲಾದ್ರೂ ನನಗೆ ಹೇಳಬಾರದಿತ್ತಾ?"

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡು ಮೊಳೆಯ ಕಡೆ ನೋಡಿದಳು.

"ಬಸ್ಸಲ್ಲೂ ಸರ್ರೇ ಇದ್ರಲ್ಲಪ್ಪಾ."