ಹಾಡಿಗೊಂದು ಮುಖ

ಆ ಹುಡುಗಿ ಮತ್ತೆ ಬಂದಿದ್ದಳು.

ಟೀವಿಯ ಪರದೆಯಲ್ಲಿ, ಅಮ್ಮನ ಹಾಡಿನ ಪಕ್ಕದ ಚೌಕದೊಳಗೆ, ಎರಡು ಜಡೆ ಹಾಕಿಕೊಂಡು ಲಂಗ ದಾವಣಿಯಲ್ಲಿ ಕೂತಿದ್ದಳು. ಕಪ್ಪು ಬಿಳುಪಿನ ಚಿತ್ರ. ಏನೋ ಕಿತಾಪತಿ ಮಾಡಿ ದಕ್ಕಿಸಿಕೊಂಡವಳ ನಗು. ಹಿಂದಿನ ಸಂಜೆ ಅದೇ ಚೌಕದಲ್ಲಿ ಅಮ್ಮನ ಫೋಟೋ ಕೂರಿಸಿ ಕಣ್ತುಂಬ ನೋಡಿದ್ದ ಗಾನವಿ ಕಾಫಿ ಲೋಟ ಕೆಳಗಿಟ್ಟಳು.

"ಅನಿಲ್, ಬಾ ಇಲ್ಲಿ. ಮತ್ತೆ ಬಂದಿದ್ದಾಳೆ."

ಗಂಡ ಹಲ್ಲುಜ್ಜುತ್ತಲೇ ಇಣುಕಿದ. "ಗ್ಲಿಚ್ ಕಣೇ. ಇಂಟರ್ನೆಟ್ಟಿಂದ ಯಾವ್ದೋ ಫೋಟೋ ಎತ್ಕೊಂಡ್ ಬಂದಿರತ್ತೆ."

ಇಂಟರ್ನೆಟ್ಟಿನಿಂದ ಚಿತ್ರ ತರುವುದನ್ನು ಅವಳೇ ಬಂದ್ ಮಾಡಿದ್ದಳು. ಮೊದಲು ಅಲ್ಲಿ ಇದ್ದದ್ದು ಖಾಲಿ ಬೂದು ಚೌಕ. ಪೇಟೆಯಲ್ಲಿ ಸಿಗುವ ಹಾಡುಗಳಿಗಾದರೆ ಮುಖಚಿತ್ರ ತಾನಾಗಿ ಬರುತ್ತದೆ. ಮನೆಯಲ್ಲಿ ಫೋನ್ ಹಿಡಿದು ಮುದ್ರಿಸಿದ ಹಾಡಿಗೆ ಮನೆಯವರೇ ಕೊಡಬೇಕು. ಗಾನವಿ ಅಮ್ಮನ ಚಿತ್ರ ಕೊಟ್ಟಳು. ಮಾರನೆಯ ದಿನ ಈ ಹುಡುಗಿ. ಅಳಿಸಿ, ಹಾಡಿನ ಫೈಲಿನೊಳಗೇ ಅಮ್ಮನನ್ನು ಅಂಟಿಸಿದಳು. ಪ್ಲೇಯರಿನ ಹಳೆಯ ನೆನಪನ್ನೆಲ್ಲ ತೊಳೆದಳು. ಮತ್ತೆ ಈ ಹುಡುಗಿಯೇ. ಈಚೆಗೆ ಒಬ್ಬಳೇ ಇದ್ದಾಗ ಟೀವಿ ಹಚ್ಚಲು ಅವಳಿಗೆ ಹೆದರಿಕೆಯಾಗುತ್ತಿತ್ತು.

ನಾಳೆ ಅಮ್ಮನ ವರ್ಷದ ತಿಥಿ. ಕಡಲಾಚೆಯ ಪರದೇಶದ ಊರು ರೊಟೊಟೂನದ ಈ ಮನೆಗೆ ಬಳಗದವರೆಲ್ಲ ಊಟಕ್ಕೆ ಬರುವವರು. ಊಟವಾದ ಮೇಲೆ ಅವರೆಲ್ಲರ ಉಷಾ ಆಂಟಿಯ, ಅಂದರೆ ಅಮ್ಮನ, ಹಾಡು ಕೇಳುವುದೆಂದು ಮಾತಾಗಿತ್ತು. ಅಷ್ಟು ಜನರೆದುರು ಅಮ್ಮನ ದನಿಗೆ ಇನ್ಯಾರದೋ ಮುಖ!

ಬದುಕಿದ್ದಾಗ ಅಮ್ಮ ಯಾರೆದುರೂ ಹಾಡಿದವಳಲ್ಲ. ಭಜನೆಯಲ್ಲೂ ಬರೀ ತಾಳ ಹಾಕುವವಳು. "ನನ್ನ ಹಾಡು ದೇವರಿಗೆ ಮಾತ್ರ" ಎನ್ನುತ್ತಿದ್ದಳು. ಸಂಜೆ ದೀಪ ಹಚ್ಚಿ ದೇವರ ಕೋಣೆಯ ಬಾಗಿಲು ಹಾಕಿಕೊಂಡಳೆಂದರೆ ಮನೆಯೆಲ್ಲ ಗಪ್‌ಚುಪ್. ನೆಗಡಿಯಿರಲಿ, ಜ್ವರವಿರಲಿ, ದನಿ ಒಂದಿಷ್ಟೂ ಅಳುಕುತ್ತಿರಲಿಲ್ಲ. ಅಪ್ಪ ಪದ್ಮನಾಭ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬರೆಯುವುದು ಏನಿಲ್ಲದಿದ್ದರೂ ಆ ಪೆನ್ಸಿಲ್ ಅವರ ಜೇಬು ಬಿಟ್ಟದ್ದಿಲ್ಲ. ಹಾಡು ಮುಗಿದಾಗ ಒಳಗೆ ಟಕ್ ಎಂದು ಚಿಲಕದ ಸದ್ದು. ಅಮ್ಮ ಕೆಂಪಾದ ಕಣ್ಣೊರೆಸುತ್ತ ಹೊರಬಂದು, "ಕರ್ಪೂರದ ಹೊಗೆ" ಎನ್ನುವಳು. "ಇವತ್ತು ತುಂಬಾ ಚೆನ್ನಾಗಿತ್ತು ಉಷಾ" ಎನ್ನುವರು ಅಪ್ಪ. ದಿನವೂ ಅದೇ ಮಾತು.

ಗಾನವಿ ಒಂದು ಸಂಜೆ ಈ ಮನೆಯಲ್ಲೇ ಆ ಬಾಗಿಲಿಗೆ ಫೋನ್ ಒತ್ತಿ ಕದ್ದು ಮುದ್ರಿಸಿಕೊಂಡದ್ದೇ ಈಗ ಉಳಿದಿರುವುದು. ಹಾಡಿನ ಹಿಂದೆ ದೂರದಲ್ಲೊಂದು ಹಕ್ಕಿಯೂ ಕೂಗುತ್ತದೆ. ಹಿತ್ತಲಿಗೆ ಬರುವ, ಈ ದೇಶದ ಟೂಯಿ ಹಕ್ಕಿ ಇರಬೇಕು.

ಚಿತ್ರವನ್ನು ಅಳಿಸುವ ಮುಂಚೆ ಗಾನವಿ ಅದನ್ನೊಮ್ಮೆ ದೊಡ್ಡದು ಮಾಡಿ ನೋಡಿದಳು. ಮೂಲೆಯಲ್ಲಿ ಒಂದು ಹೆಬ್ಬೆರಳು. ಯಾರೋ ಹಳೆಯ ಫೋಟೋವನ್ನು ಕೈಯಲ್ಲಿ ಹಿಡಿದು ಫೋನಿನಲ್ಲಿ ತೆಗೆದಿದ್ದಾರೆ. ಉಗುರಿನ ಮೇಲೆ ಕಪ್ಪು ಕಲೆ. ಕಾರಿನ ಬಾಗಿಲಿಗೆ ಸಿಕ್ಕಿ ಕಪ್ಪಾದ ಅಪ್ಪನ ಆ ಉಗುರಿಗೆ ಎಣ್ಣೆ ಹಚ್ಚಿದವಳು ಅವಳೇ.

ದೆವ್ವದ ಭಯ ಹೋಯಿತು. ಅದಕ್ಕಿಂತ ಕೆಟ್ಟದ್ದೊಂದು ಬಂದು ಎದೆಯ ಮೇಲೆ ಕೂತಿತು. ಅಪ್ಪನ ಹಳೆಯ ಪೆಟ್ಟಿಗೆಯಲ್ಲಿ ಎರಡು ಜಡೆಯ ಹುಡುಗಿಯೇ? ಬಾಗಿಲ ಹೊರಗೆ ತಲೆದೂಗುತ್ತ ಕೂತಿದ್ದವರ ಮನಸ್ಸಿನಲ್ಲಿ ಇದ್ದವಳು ಇವಳೇ? ಪಾಪ, ಅಮ್ಮನಿಗೆ ಇದು ಗೊತ್ತಿತ್ತೇ?

ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಲೂ ಮಗಳನ್ನು ಕೂಗುವ ಮನುಷ್ಯ.

"ನೀವೇ ಅಲ್ವಾಪ್ಪ, ಆ ಫೋಟೋ ಹಾಕ್ತಿರೋದು?"

"ನೀನು ಮಾಡೋದನ್ನ ನೋಡಿ ಕಲ್ತೆ ಕಣಮ್ಮ."

"ಅಮ್ಮನ ಜಾಗದಲ್ಲಿ ಯಾರನ್ನ ತಂದು ಕೂರಿಸ್ತಿದೀರಾ?"

"ಜಾಗ ಅವಳದ್ದೇ," ಎಂದರು ಅಪ್ಪ.

ಗಾನವಿಯ ಕಣ್ಣಲ್ಲಿ ನೀರು ಬಂತು. ಅಪ್ಪ ಎದ್ದು ಒಳಗೆ ಹೋಗಿ, ದೇವರ ಮಂಟಪದ ಹಿಂದಿನಿಂದ ಒಂದು ಕ್ಯಾಸೆಟ್ ತಂದು ಅವಳ ಕೈಯಲ್ಲಿಟ್ಟರು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದೊಳಗೆ, ಅಳತೆಗೆ ಸರಿಯಾಗಿ ಕತ್ತರಿಸಿ ಇಟ್ಟ ಮುಖಚಿತ್ರ. ಅದೇ ಜಡೆ, ಅದೇ ನಗು.

"ನಿನ್ನ ಚಿಕ್ಕಮ್ಮ. ರತ್ನಾ."

ಅಮ್ಮನಿಗೊಬ್ಬಳು ತಂಗಿಯಿದ್ದಳು, ಅಕ್ಕನ ಮದುವೆಯಾದ ವರ್ಷವೇ ಜ್ವರ ಬಂದು ಹೋದಳು ಎಂದಷ್ಟೇ ಗಾನವಿಗೆ ಗೊತ್ತು. ಆ ಹೆಸರು ಎತ್ತಿದರೆ ಅಮ್ಮ ಎದ್ದು ಹೋಗುತ್ತಿದ್ದಳು.

"ಹೆಣ್ಣು ನೋಡೋಕ್ ಹೋದಾಗ ನಮ್ಮಮ್ಮ, ಹುಡುಗಿ ಒಂದು ಹಾಡು ಹೇಳ್ಲಿ ಅಂದ್ರು. ನಿಮ್ಮಮ್ಮ ನಾಚ್ಕೊಂಡು, ಒಳಗಿಂದ ಹೇಳ್ತೀನಿ ಅಂತ ಎದ್ದು ಹೋದ್ಳು. ಒಳಗಿಂದ ಹಾಡು ಬಂತು. ನಾನು ಒಪ್ಕೊಂಡೆ." ಅಪ್ಪ ಬೇಲಿಯ ಕಡೆ ನೋಡಿದರು. "ನಿನ್ನ ರೆಕಾರ್ಡಿಂಗಲ್ಲಿ ಕೂಗೋದು ಟೂಯಿ ಅಲ್ಲಮ್ಮ, ಕೋಗಿಲೆ. ಈ ದೇಶದಲ್ಲಿ ಅದೆಲ್ಲಿ ಬರ್ಬೇಕು, ಮೈಸೂರಲ್ಲಿ ನಿಮ್ಮಜ್ಜಿ ಮನೆ ಹಿತ್ತಲಲ್ಲಿ ಕೂಗ್ತಿದ್ದದ್ದು."

ಗಾನವಿಗೆ ಆ ಟಕ್ ಎಂಬ ಸದ್ದು ಕಿವಿಯಲ್ಲೇ ಕೇಳಿಸಿತು. ಚಿಲಕವಲ್ಲ, ಟೇಪ್ ರೆಕಾರ್ಡರಿನ ಗುಂಡಿ. ಇಷ್ಟು ವರ್ಷ ಅವರ ಮನೆಯಲ್ಲಿ ಸಂಜೆ ಸಂಜೆ ಹಾಡಿದ್ದು ಎಂದೋ ಸತ್ತ ಚಿಕ್ಕಮ್ಮ. ಬಿಸಿಲಲ್ಲೇ ಅವಳ ಮೈ ಜುಮ್ಮೆಂದಿತು. ಮರುಕ್ಷಣವೇ ಅವಳ ಯೋಚನೆ ಅಪ್ಪನ ಕಡೆ ಹೊರಳಿತು. ಹೆಂಡತಿಯ ಸಾಮಾನು ಎತ್ತಿಡುವಾಗ ಇದು ಕೈಗೆ ಸಿಕ್ಕಿ, ಪಾಪ, ಎಂಥ ಪೆಟ್ಟು ತಿಂದಿರಬೇಕು!

"ಅಂದ್ರೆ ಅಮ್ಮ ಜೀವಮಾನವೆಲ್ಲ ನಿಮಗೆ ಮೋಸ ಮಾಡಿದ್ಳಾ? ನೀವು ಹೊರಗೆ ಕೂತು ತಲೆದೂಗಿದ್ದೇ ಬಂತಾ?"

"ತಂಗಿ ಜೊತೆ ಕೂತು ಅಳೋಕೆ ಅವಳಿಗಿದ್ದ ನೆಪ ಅದೊಂದೇ ಕಣಮ್ಮ," ಎಂದ ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು ಕ್ಯಾಸೆಟ್ಟಿನ ತೂತಿಗೆ ತೂರಿಸಿ, ಸಡಿಲಾಗಿದ್ದ ಟೇಪನ್ನು ಪಳಗಿದ ಕೈಯಲ್ಲಿ ಬಿಗಿಯತೊಡಗಿದರು. "ಇದು ಸಿಕ್ಕಿಹಾಕ್ಕೊಂಡಾಗೆಲ್ಲ, ಅವಳಿಗೆ ಗೊತ್ತಾಗ್ದಂಗೆ ಸುತ್ತಿಡ್ತಿದ್ದವನು ನಾನೇ."