ಕೆಂಪು ಸಕ್ಕರೆಯ ಕೇಕು

ಬೇಕರಿಯ ವೆನಿಲಾ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರುತ್ತದೆ, ನನಗೆ ಮಾತ್ರ ಈಗಲೂ ಸಿಟ್ಟು ಬರುತ್ತದೆ.

ಆಗ ಕುರೆಕುಪ್ಪದ ನಮ್ಮ ಮನೆ ಮುಂದೆ ಹಗಲಿಡೀ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಓಡುತ್ತಿದ್ದವು. ತಂಗಿಗೆ ಎರಡು ತುಂಬಿದ ದಿನ ಅವ್ವ ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ಕುಕ್ಕರಿನ ತಳಕ್ಕೆ ಮರಳು ಹಾಸಿ ವೆನಿಲಾ ಕೇಕು ಬೇಯಿಸಿದಳು. ತಂಗಿ "ತೇತು, ತೇತು" ಎಂದು ಒಲೆಕಟ್ಟೆಯ ಕೆಳಗೆ ಕುಣಿಯುತ್ತಿದ್ದಳು. ಸಕ್ಕರೆ ಅವಳ ಬಾಯಲ್ಲಿ "ತತ್ತಲೆ" ಆಗುತ್ತಿತ್ತು. ಅವ್ವ ಅದನ್ನು ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದಳು.

ಕೇಕು ತಟ್ಟೆಗೆ ಬಿದ್ದ ಹೊತ್ತಿಗೇ, ಅದಿರು ಸಾಗಿಸಲು ಹೊಸದಾಗಿ ಲಾರಿ ಕೊಂಡಿದ್ದ ಸೋದರಮಾವ ಬಾಗಿಲು ಹಾರುಹೊಡೆದು ಒಳಗೆ ಬಂದ. ಅವನ ಬೆನ್ನಿಗೇ ಧೂಳೂ ಬಂತು. ಹೊಂಬಣ್ಣದ ಕೇಕು ನೋಡನೋಡುತ್ತ ಕೆಂಪಾಯಿತು.

ತಂಗಿ ಚಪ್ಪಾಳೆ ತಟ್ಟಿದಳು. "ಅವ್ವಾ, ತೆಂಪು ತತ್ತಲೆ."

ಅವ್ವ ಈ ಸಲ ನಗಲಿಲ್ಲ.

"ಮುಖ ಯಾಕ ಸಣ್ಣ ಮಾಡ್ತೀ ಅಕ್ಕಾ? ಈಗ ಈ ಮಣ್ಣ ಬಂಗಾರ. ಊದಿ ಕೊಡು," ಅಂದ ಮಾವ.

ಅವ್ವ ದೊಡ್ಡ ತುಂಡು ಕತ್ತರಿಸಿ ಅವನ ಮುಂದೆ ಇಟ್ಟಳು. "ಊದಬ್ಯಾಡ. ನಾವು ದಿನಾ ಹಿಂಗ ತಿಂತೀವಿ. ನೀನೂ ತಿನ್ನು."

ಮಾವ ನಗಲು ನೋಡಿದ. ಅವ್ವನ ಕಣ್ಣು ನೋಡಿ ತುಂಡನ್ನು ಕಚ್ಚಿದ. ಅವನ ಹಲ್ಲಿನಲ್ಲಿ ಧೂಳು ಕರಕರ ಅಂದದ್ದು ನನಗೂ ಕೇಳಿಸಿತು.

ಅಷ್ಟರಲ್ಲಿ ತಂಗಿ ಅವನ ತೊಡೆಯೇರಿ, ಪುಟ್ಟ ಬಾಯಿ ಅಗಲಿಸಿ, "ನಂದೂ ತೇತು" ಅಂದಳು.

ಮಾವ ತುಂಡು ಹಿಡಿದ ಕೈಯನ್ನು ಥಟ್ಟನೆ ಮೇಲೆತ್ತಿದ. "ಬ್ಯಾಡವ್ವಾ, ನೀ ಇದನ್ನ ತಿನ್ನಬಾರದು."

"ಯಾಕ?" ಅಂದಳು ಅವ್ವ. "ಬಂಗಾರ ಅಲ್ಲೇನು?"